ಪರಾಸ್ಕಾಳ ಸಾವಿನ ಅಂಗಿ

ಟೆಕ್ಲಾಳ ಕೈಗೆ ಒಮ್ಮೆ ಸಿಕ್ಕಿದ ವಸ್ತು ಮತ್ತೆ ಹೊರಗೆ ಬಂದದ್ದನ್ನು ಇಂಗ್ಲೆಂಡಿಗೆ ವಲಸೆ ಬಂದ ನಮ್ಮವರ ಕ್ಲಬ್ಬಿನಲ್ಲಿ ಯಾರೂ ಕಂಡವರಿಲ್ಲ. ಕೆಳಗೆ ಬಾರು, ಬಿಂಗೊ, ಶನಿವಾರದ ಮಕ್ಕಳ ಶಾಲೆ. ಮೇಲಿನ ಎರಡು ಕೋಣೆ ಅವಳ ಮ್ಯೂಸಿಯಂ. ಯಾವ ಮನೆಯಲ್ಲಿ ಯಾವ ಮುದುಕಿ ಕೆಮ್ಮುತ್ತಿದ್ದಾಳೆ, ಯಾರ ಅಟ್ಟದ ಮೇಲೆ ಯಾವ ಪೆಟ್ಟಿಗೆ ಕೂತಿದೆ, ಎಲ್ಲ ಅವಳಿಗೆ ಬಾಯಿಪಾಠ. ಬಾರು ನೋಡಿಕೊಳ್ಳುತ್ತಿದ್ದ ಹಾವ್ರಿಲೊ ಅವಳು ಮೆಟ್ಟಿಲಿಳಿದು ಬರುವುದನ್ನು ಕಂಡರೆ ಸಾಕು, ತನ್ನ ಹಳೆಯ ಟೋಪಿಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದ.

"ಎಚ್ಚರ ಕಣ್ರೋ, ಮೈಮೇಲೆ ಹಳೇದೇನಾದ್ರೂ ಇದ್ರೆ ಬಚ್ಚಿಟ್ಕೊಳ್ಳಿ. ಗಾಜಿನೊಳಗೆ ಹಾಕಿ ಬೀಗ ಜಡೀತಾಳೆ."

"ನಿನ್ನನ್ನ ಹಾಕಲ್ಲ ಬಿಡು. ಗಾಜಿಗೆ ವಾಸನೆ ಹತ್ತುತ್ತೆ," ಎಂದು ಟೆಕ್ಲಾ ಅಲ್ಲಿಂದಲೇ ತಿರುಗೇಟು ಕೊಡುತ್ತಿದ್ದಳು.

ಅವಳ ಆಸೆಬುರುಕತನವನ್ನು ಆಡಿಕೊಳ್ಳುವುದು ಸುಲಭ. ಆದರೆ ಅದು ಎಲ್ಲಿಂದ ಬಂತೆಂದು ಬಲ್ಲವರು ಆಡಿಕೊಳ್ಳುತ್ತಿರಲಿಲ್ಲ. ಬೆಟ್ಟದ ಬುಡದ ತೆರೆಷ್ಕಾ ಅವಳ ಹುಟ್ಟೂರು. ಅವಳಿಗೆ ಹದಿನಾರು ತುಂಬಿದ ವರ್ಷ, ಎರಡನೇ ಮಹಾಯುದ್ಧದಲ್ಲಿ, ಜರ್ಮನ್ನರು ಊರಿನ ಹುಡುಗಿಯರನ್ನು ಹೊಲದ ಕೂಲಿಗೆಂದು ಲಾರಿಗೆ ತುಂಬಿದರು. ಅಮ್ಮ ಲಾರಿಯ ಹಿಂದೆ ಓಡುತ್ತ ಬಂದು ಒಂದು ಗಂಟು ಎಸೆದಳು. ಅದರಲ್ಲಿದ್ದದ್ದು ಟೆಕ್ಲಾ ಅಮ್ಮನ ಪಕ್ಕ ಕೂತು ಎರಡು ಚಳಿಗಾಲ ಕಸೂತಿ ಹಾಕಿದ್ದ ಮದುವೆಯ ಅಂಗಿ. ನಮ್ಮಲ್ಲಿ ಹೆಣ್ಣು ಮದುವೆಗೆ ಹಾಕಿದ ಅಂಗಿಯನ್ನು ಎತ್ತಿಟ್ಟು ಸಾಯುವಾಗ ಮತ್ತೆ ಹಾಕಿಕೊಂಡು ಹೋಗಬೇಕು. ಟೆಕ್ಲಾ ಅದನ್ನು ಮೊದಲ ಚಳಿಗಾಲದಲ್ಲೇ ಅರ್ಧ ರೊಟ್ಟಿಗೆ ಕೊಟ್ಟುಬಿಟ್ಟಳು. ಅದೇ ಲಾರಿಯಲ್ಲಿ ಬಂದಿದ್ದ, ಬೇಲಿಯಾಚೆ ಮನೆಯ ಗೆಳತಿ ಪರಾಸ್ಕಾ ಮಾತ್ರ ಹಸಿವಿನಿಂದ ತಲೆಸುತ್ತಿ ಬಿದ್ದಳೇ ಹೊರತು ತನ್ನ ಅಂಗಿ ಬಿಡಲಿಲ್ಲ.

ಯುದ್ಧ ಮುಗಿದಾಗ ತೆರೆಷ್ಕಾವನ್ನು ಸುಟ್ಟು, ಉಳಿದವರನ್ನು ಎಲ್ಲೆಲ್ಲಿಗೋ ಸಾಗಿಸಿದ್ದರು. ಈಗ ಅಲ್ಲಿ ಬರೀ ಕಾಡು. ಗೆಳತಿಯರಿಬ್ಬರೂ ನಿರಾಶ್ರಿತರ ಶಿಬಿರದಿಂದ ಇಂಗ್ಲೆಂಡಿನ ಈ ಗಿರಣಿ ಊರಿಗೆ ಬಂದರು, ಅಕ್ಕಪಕ್ಕದ ಯಂತ್ರಗಳಲ್ಲಿ ಮೂವತ್ತು ವರ್ಷ ನೂಲು ತೆಗೆದರು, ಒಂದೇ ಬೀದಿಯಲ್ಲಿ ಸಂಸಾರ ಹೂಡಿದರು, ವಾರಕ್ಕೊಮ್ಮೆ ಜಗಳವಾಡಿದರು. ಟೆಕ್ಲಾಳ ಗಂಡ ಒಮೆಲ್ಕೊ ಶ್ವಾಸಕೋಶ ಕೆಟ್ಟು ಬೇಗ ಹೋದ. ಮಗಳು ಒರಿಸ್ಯಾ ಶಾಲೆಯಲ್ಲಿ ಗಣಿತ ಕಲಿಸುತ್ತ, ಇಂಗ್ಲಿಷಿನವನನ್ನು ಮದುವೆಯಾಗಿ ಬೇರೆ ಮನೆ ಮಾಡಿದಳು. ಗಿರಣಿ ಮುಚ್ಚಿದ ಮೇಲೆ ಟೆಕ್ಲಾ ಮ್ಯೂಸಿಯಂ ಕಟ್ಟಿದಳು. ಬಣ್ಣದ ಈಸ್ಟರ್ ಮೊಟ್ಟೆಗಳು, ಶಿಬಿರದ ಮರದ ಸೂಟ್‌ಕೇಸುಗಳು, ತಂತಿ ಹರಿದ ವಾದ್ಯಗಳು, ಎಲ್ಲೆಲ್ಲಿಯ ಅಂಗಿಗಳು. ಅವಳ ತೆರೆಷ್ಕಾದ್ದೆಂದು ಮಾತ್ರ ಒಂದು ಚಿಂದಿಯೂ ಇರಲಿಲ್ಲ.

ಪರಾಸ್ಕಾ ಸತ್ತದ್ದು ನವೆಂಬರಿನ ಒಂದು ಮಂಗಳವಾರ. ಗುರುವಾರ ಅವಳ ಮಗ ಜೆನೋನ್ ಮ್ಯೂಸಿಯಮ್ಮಿಗೆ ಬಂದ. ಅವನು ಬಸ್ಸು ಓಡಿಸುತ್ತಾನೆ, ಒಳ್ಳೆಯ ಹುಡುಗ, ಆದರೆ ಅವನಿಗಾಗಲಿ ಹೆಂಡತಿ ಲಿಂಡಾಗಾಗಲಿ ನಮ್ಮ ರೀತಿ ರಿವಾಜು ಒಂದೂ ಗೊತ್ತಿಲ್ಲ. ಕೈಯಲ್ಲಿ ಕರಿಯ ಶಾಲಿನ ಗಂಟು.

"ಅಮ್ಮನ ಬೀರು ಖಾಲಿ ಮಾಡ್ತಿದ್ವಿ ಆಂಟಿ. ತಳದಲ್ಲಿ ಇದಿತ್ತು. ಹಳೇ ಕಾಲದ್ದು, ನಿಮ್ಮ ಗಾಜಿನ ಪೆಟ್ಟಿಗೆಗೆ ಆಗುತ್ತೇನೋ ಅಂತ ತಂದೆ."

ಟೆಕ್ಲಾ ಗಂಟು ಬಿಚ್ಚಿದಳು. ಮೆತ್ತನೆಯ ಅಡಿಯ ಹೊಸ ಚಪ್ಪಲಿ, ಉಣ್ಣೆಯ ಕಾಲುಚೀಲ, ನಡುಪಟ್ಟಿ, ಮೇಣದ ಬತ್ತಿ. ಅವುಗಳ ಕೆಳಗೆ, ನಾಲ್ಕು ಮಡಿಕೆಯಲ್ಲಿ, ಆ ಅಂಗಿ. ಇದು ಏನೆಂದು ನಮ್ಮವರಲ್ಲಿ ಕುರುಡರಿಗೂ ಗೊತ್ತಾಗುತ್ತದೆ. ಸಾವಿಗೆಂದು ಕಟ್ಟಿಟ್ಟ ಗಂಟು.

"ಅಮ್ಮನಿಗೆ ಉಡಿಸೋಕೆ ಬಟ್ಟೆ?" ಎಂದು ಕೇಳಿದಳು.

"ಲಿಂಡಾ ಹೊಸ ನೀಲಿ ಗೌನು ತಂದಿದಾಳೆ. ಅಮ್ಮಂಗೆ ನೀಲಿ ಅಂದ್ರೆ ಇಷ್ಟ ಅಲ್ವಾ?"

ಪರಾಸ್ಕಾಗೆ ನೀಲಿ ಕಂಡರೆ ಆಗುತ್ತಿರಲಿಲ್ಲ. ಹುಚ್ಚಪ್ಪಾ, ತಗೊಂಡು ಓಡು, ಹೆಣದ ಪೆಟ್ಟಿಗೆ ಮುಚ್ಚೋ ಮೊದಲು ಉಡಿಸು ಎಂಬ ಮಾತು ಟೆಕ್ಲಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ತೋಳನ್ನು ಬಿಡಿಸಿತು. ಕಪ್ಪು ಮತ್ತು ಕಡುಗೆಂಪು, ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಹಾಕಿದ ತೆರೆಷ್ಕಾದ ಹೊಲಿಗೆ. ಭೂಮಿಯ ಮೇಲೆ ಆ ಊರಿನದೆಂದು ಉಳಿದಿದ್ದದ್ದು ಅದೊಂದೇ.

"ಒಳ್ಳೇದು ಮಾಡಿದೆ ಕಣಪ್ಪಾ," ಎಂದಳು ಟೆಕ್ಲಾ.

ಅಯ್ಯೋ ದೇವರೇ, ಅವಳ ಬಾಯಿಂದ ಆ ಮಾತು ಹೇಗಾದರೂ ಬಂತೋ! ಶನಿವಾರ ಚರ್ಚಿನಲ್ಲಿ ತೆರೆದ ಪೆಟ್ಟಿಗೆಯ ಮುಂದೆ ನಿಂತಾಗಲೂ ಹೊತ್ತು ಮೀರಿರಲಿಲ್ಲ. ಪರಾಸ್ಕಾ ಹೊಳೆಯುವ ನೀಲಿ ಗೌನಿನಲ್ಲಿ, ಯಾರದ್ದೋ ಮದುವೆಗೆ ಬಂದು ಮಲಗಿಬಿಟ್ಟವಳ ಹಾಗೆ ಕಾಣುತ್ತಿದ್ದಳು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಗಂಟು ಕಟ್ಟಿಟ್ಟಿರಲಿಲ್ವೇನೇ ಇವಳು?" ಎಂದು ಹಾವ್ರಿಲೊನ ಹೆಂಡತಿ ಮೋತ್ರಿಯಾ ಪಿಸುಗುಟ್ಟಿದಳು. ಟೆಕ್ಲಾ ಬಗ್ಗಿ ಗೆಳತಿಯ ತಣ್ಣನೆಯ ಹಣೆಗೆ ಮುತ್ತಿಟ್ಟಳು, ಬಾಯಿ ಬಿಡಲಿಲ್ಲ.

ಅಂಗಿಯನ್ನು ಅವಳು ಮ್ಯೂಸಿಯಮ್ಮಿನ ನಡುವಿನ ಗಾಜಿನ ಕಪಾಟಿನಲ್ಲಿ, ಬಟ್ಟೆಯಂಗಡಿಯೊಂದು ಮುಚ್ಚಿದಾಗ ತಂದಿದ್ದ ಗೊಂಬೆಗೆ ತೊಡಿಸಿದಳು. ಲಂಡನ್ನಿನಿಂದ ಬಂದ ಸಂಶೋಧಕಿಯೊಬ್ಬಳು ಅದರ ಮುಂದೆ ಅರ್ಧ ದಿನ ನಿಂತು, ಇಂಥದು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಹೇಳಿ ಹೋದಳು. ಟೆಕ್ಲಾ ಆ ವಾರವಿಡೀ ನೆಲದ ಮೇಲೆ ಕಾಲಿಡಲಿಲ್ಲ.

ಆಮೇಲೆ ಗಾಜು ಮಂಜಾಗತೊಡಗಿತು. ಇಂಗ್ಲೆಂಡಿನ ಚಳಿಯಲ್ಲಿ ಕಿಟಕಿ ಮಂಜಾಗುವುದು ದೊಡ್ಡದಲ್ಲ. ಆದರೆ ಈ ಮಂಜು ಒಳಗಿನಿಂದ, ಗೊಂಬೆಯ ಬಾಯಿಯ ಎತ್ತರಕ್ಕೆ ಮಾತ್ರ, ಅಂಗೈಯಗಲ. ಒರೆಸಿದರೆ ಹೋಗುತ್ತಿತ್ತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಇರುತ್ತಿತ್ತು. ಅವಳ ಕುರ್ಚಿ ಬೆಳಗ್ಗೆ ಬೀಗ ತೆಗೆದು ಒಳಗೆ ಬಂದು ಕೂತರೆ ಬೆಚ್ಚಗಿರುತ್ತಿತ್ತು. ಶನಿವಾರದ ಮಕ್ಕಳು ಆ ಕೋಣೆಗೆ ಬಂದರೆ ಗಲಾಟೆ ನಿಲ್ಲಿಸಿ ಗೋಡೆಗಂಟಿ ನಡೆಯತೊಡಗಿದರು.

ನಮ್ಮ ಹಳೆಯ ಪಂಚಾಂಗದಂತೆ ಜನವರಿಯಲ್ಲಿ ಬರುವ ಕ್ರಿಸ್‌ಮಸ್ ಸಂಜೆ ಒರಿಸ್ಯಾಳ ಮನೆಯಲ್ಲಿ ಊಟ. ಆ ಸಂಜೆ ತೀರಿಕೊಂಡವರೂ ಊಟಕ್ಕೆ ಬರುತ್ತಾರೆ, ಹಾಗಾಗಿ ಕೂರುವ ಮೊದಲು ಕುರ್ಚಿಯ ಮೇಲೆ ಒಮ್ಮೆ ಊದಬೇಕು, ಇಲ್ಲದಿದ್ದರೆ ಯಾರದಾದರೂ ಮಡಿಲ ಮೇಲೆ ಕೂತುಬಿಡುತ್ತೇವೆ. ಎಲ್ಲರೂ ಊದಿದರು. ಒರಿಸ್ಯಾಳ ಗಂಡ ಕೀತ್ ಪ್ರತಿವರ್ಷದಂತೆ ಕೆನ್ನೆಯುಬ್ಬಿಸಿ ಊದಿ ಮಕ್ಕಳನ್ನು ನಗಿಸಿದ. ಟೆಕ್ಲಾ ತನ್ನ ಕುರ್ಚಿಯ ಮೇಲೆ ಊದಿದಳು. ಮರ ಕಿರುಗುಟ್ಟಿತು, ಭಾರದ ಹೆಂಗಸೊಬ್ಬಳು ಎದ್ದು ಜಾಗ ಬಿಟ್ಟಾಗ ಕಿರುಗುಟ್ಟುವ ಹಾಗೆ. ಅವಳು ಆ ಸಂಜೆ ನಿಂತೇ ಉಂಡಳು.

ಅದಾಗಿ ಒಂದು ವಾರಕ್ಕೆ ಪರಾಸ್ಕಾ ಬಂದಳು. ಮಧ್ಯಾಹ್ನ ಮೂರು ಗಂಟೆ, ಕೆಳಗೆ ಬಿಂಗೊ ನಡೆದಿತ್ತು, ಅಂಕಿ ಕೂಗುವುದು ಕೇಳುತ್ತಿತ್ತು. ಟೆಕ್ಲಾ ಕಣ್ಣು ಮುಚ್ಚಿರಲಿಲ್ಲ, ಬೇಕಾದರೆ ದೇವರ ಪಟದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು. ನೀಲಿ ಗೌನಿನ ಪರಾಸ್ಕಾ ಬಾಗಿಲ ಹೊಸ್ತಿಲಾಚೆ ನಿಂತಿದ್ದಳು, ಎರಡೂ ಕೈ ಕಂಕುಳಲ್ಲಿ.

"ಚಳಿ ಕಣೇ ಟೆಕ್ಲಾ."

"ಒಳಗೆ ಬಾ," ಎಂದಳು ಟೆಕ್ಲಾ.

"ನಿನ್ನ ಹತ್ರ ಅಲ್ಲ, ಅಲ್ಲಿ ಬಿಡ್ಬೇಕಲ್ಲ ಒಳಗೆ. ನಮ್ಮ ತೆರೆಷ್ಕಾ ಊರ ಬಾಗಿಲಲ್ಲೇ ನಿಂತಿದೀನಿ. ಎಲ್ಲರೂ ಇದಾರೆ ಕಣೇ, ಮನೆಗಳೂ ಇದಾವೆ, ಒಂದೂ ಸುಟ್ಟಿಲ್ಲ. ಯಾರ ಪೈಕಿ ನೀನು ಅಂತ ಕೇಳ್ತಾರೆ. ಹುಡುಗಿಯಾಗಿ ಹೋದೋಳು ಮುದುಕಿಯಾಗಿ ಬಂದಿದೀನಿ, ಈ ಗೌನಿನಲ್ಲಿ ಯಾರು ಗುರುತು ಹಿಡೀತಾರೆ? ಇಂಗ್ಲಿಷಿನೋಳು ದಾರಿ ತಪ್ಪಿ ಬಂದಿದಾಳೆ ಅಂತಾರೆ. ನಮ್ಮಮ್ಮ ನನ್ನ ಪಕ್ಕದಲ್ಲೇ ಹಾದು ಹೋದ್ಲು."

"ಕೊಡ್ತೀನಿ ಕಣೇ," ಎಂದಳು ಟೆಕ್ಲಾ. "ನಿನ್ನಾಣೆ, ಕಳಿಸಿಕೊಡ್ತೀನಿ."

ಪರಾಸ್ಕಾ ಗಾಜಿನ ಕಪಾಟಿನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಟೆಕ್ಲಾಗೆ ಎಷ್ಟೋ ಹಗುರಾಗುತ್ತಿತ್ತು. ಕೆಳಗೆ ಯಾರೋ ಬಿಂಗೊ ಎಂದು ಕಿರುಚಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಕಳಿಸಿಕೊಡುವುದು ಹೇಗೆಂದು ಟೆಕ್ಲಾಗೆ ಗೊತ್ತಿತ್ತು, ನಮಗೆಲ್ಲ ಗೊತ್ತಿರುವಂಥದೇ. ಹೂಳುವಾಗ ಏನಾದರೂ ಮರೆತಿದ್ದರೆ, ತೀರಿಕೊಂಡವರು ಬಂದು ಕೇಳಿದರೆ, ಮುಂದೆ ಯಾರು ಸಾಯುತ್ತಾರೋ ಅವರ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಹೋಗುವವರು ತಲುಪಿಸುತ್ತಾರೆ. ಅಲ್ಲಿಯ ತನಕ ಕೈಕಟ್ಟಿ ಕೂರುವುದು ಬೇಡ, ಅಂಗಿಯ ನಕಲೊಂದನ್ನು ಹೊಲಿದು ಗಾಜಿನೊಳಗಿಟ್ಟರಾಯಿತು, ಊರಿನ ಗುರುತೂ ಉಳಿಯುತ್ತದೆ, ಪರಾಸ್ಕಾಳ ಸ್ವತ್ತೂ ಅವಳಿಗೆ ಸೇರುತ್ತದೆ ಎಂದು ಟೆಕ್ಲಾ ಲೆಕ್ಕ ಹಾಕಿದಳು. ಒಳ್ಳೆಯ ಲೆಕ್ಕವೇ.

ಹಗಲೆಲ್ಲ ಕಿಟಕಿಯ ಬಳಿ ಕೂತು, ಅಂಗಿಯನ್ನು ಮಗುಚಿ ಮಡಿಲಲ್ಲಿಟ್ಟುಕೊಂಡು, ಎಳೆ ಎಣಿಸಿದಳು. ನಲವತ್ತೈದು ವರ್ಷ ಸೂಜಿ ಹಿಡಿಯದ ಕೈ ಮೊದಮೊದಲು ಎಳೆ ತಪ್ಪಿಸಿತು. ಆಮೇಲೆ ಅಮ್ಮ ಕಲಿಸಿದ್ದೆಲ್ಲ ಬೆರಳಿಗೆ ಮರಳಿತು. ಈ ಹೊಲಿಗೆಯಲ್ಲಿ ಎಷ್ಟೇ ನಕಲು ಮಾಡಿದರೂ ಹಿಂಬದಿಯಲ್ಲಿ ಅವರವರ ಕೈ ಕಾಣುತ್ತದೆ. ಪರಾಸ್ಕಾ ದಾರ ಬಿಗಿ ಎಳೆಯುವವಳು, ಟೆಕ್ಲಾ ಸಡಿಲ. "ಹಿಂಗೆ ಹೊಲಿದ್ರೆ ನಿನ್ನ ಗಂಡ ತೋಳಿನೊಳಗೆ ಬೆರಳು ಸಿಕ್ಕಿಸ್ಕೊಂಡು ಬೀಳ್ತಾನೆ," ಎಂದು ಅಮ್ಮ ಗದರುತ್ತಿದ್ದದ್ದು ನೆನಪಾಗಿ ಅವಳು ಒಬ್ಬಳೇ ನಕ್ಕಳು, ಒಬ್ಬಳೇ ಅತ್ತಳು. ಮಾರ್ಚಿನಲ್ಲಿ ಅಂಗಿ ಮುಗಿಯಿತು. ಅದೇ ವಾರ ಹಾವ್ರಿಲೊ ಬಾರಿನ ಪೀಪಾಯಿ ಎತ್ತಲು ಬಗ್ಗಿದವನು ಮೇಲೇಳಲಿಲ್ಲ.

ಟೆಕ್ಲಾ ಮೋತ್ರಿಯಾಳ ಮನೆಗೆ ಹೋಗಿ, ಕೈ ಹಿಡಿದು ಕೂತು, ಅತ್ತು ಮುಗಿದ ಮೇಲೆ ಮೆಲ್ಲಗೆ ಕೇಳಿದಳು. "ಪರಾಸ್ಕಾ ಬಂದಿದ್ಲು ಕಣೇ. ಒಂದು ಸಾಮಾನು ಬೇಕಂತೆ. ನಿನ್ನ ಹಾವ್ರಿಲೊ ಜೊತೆ ಕಳಿಸ್ಲಾ?"

ಮೋತ್ರಿಯಾ ಮೂಗೊರೆಸಿಕೊಂಡಳು. "ಕಳ್ಸು. ಆಗ್ಲೇ ಒಬ್ಬಳು ತನ್ನ ಗಂಡನ ಕನ್ನಡಕ ಇಟ್ಟು ಹೋಗಿದಾಳೆ, ಇನ್ನೊಬ್ಬಳು ಅತ್ತೆಯ ಹಲ್ಲಿನ ಸೆಟ್ಟು. ಬದುಕಿರೋವಾಗ ಒಂದಿನ ನನ್ನ ಕೈಚೀಲ ಹಿಡಿದೋನಲ್ಲ ಮಹಾರಾಯ. ಈಗ್ಲಾದ್ರೂ ಹೊರಲಿ." ಅಷ್ಟು ಹೇಳಿ ಮತ್ತೆ ಗೊಳೋ ಎಂದಳು.

ಶವಸಂಸ್ಕಾರದ ಬೆಳಗ್ಗೆ ಮ್ಯೂಸಿಯಮ್ಮಿನ ಮೇಜಿನ ಮೇಲೆ ಎರಡು ಅಂಗಿಗಳಿದ್ದವು. ಹಳೆಯದರ ಕಂಕುಳಲ್ಲಿ ಮಾಸಿದ ಬೆವರಿನ ಕಲೆ. ಹೊಸದು ಚೊಕ್ಕ. ಟೆಕ್ಲಾ ಹಳೆಯದನ್ನು ಕರಿಯ ಶಾಲಿನಲ್ಲಿ ಸುತ್ತಿದಳು. ಮತ್ತೆ ಬಿಚ್ಚಿದಳು. ಮಣ್ಣಿಗೆ ಹಾಕಿದರೆ ಐದು ವರ್ಷಕ್ಕೆ ಇದು ಗೊಬ್ಬರ. ಸತ್ತವಳಿಗೆ ಬೇಕಾದದ್ದು ತೆರೆಷ್ಕಾದ ಅಂಗಿ ತಾನೇ? ಇದೂ ತೆರೆಷ್ಕಾದ್ದೇ, ತೆರೆಷ್ಕಾದ ಹೆಣ್ಣೇ ಹೊಲಿದದ್ದು. ಸ್ವಂತ ಕಣ್ಣು ಹಾಳುಮಾಡಿಕೊಂಡು ಹೊಲಿದಿದ್ದೇನೆ, ಇನ್ನೇನು ಬೇಕು ಅವಳಿಗೆ? ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡಳು ಮುದುಕಿ. ಹೊಸ ಅಂಗಿಯನ್ನು ಸುತ್ತಿ, ಹಾವ್ರಿಲೊನ ಮೊಣಕೈ ಸಂದಿಯಲ್ಲಿಟ್ಟು, "ಪರಾಸ್ಕಾಗೆ ಕೊಡು" ಎಂದು ಅವನ ಕಿವಿಯಲ್ಲಿ ಹೇಳಿದಳು.

ಗಾಜು ಆಮೇಲೆ ಮಂಜಾಗಲಿಲ್ಲ. ಕುರ್ಚಿಯೂ ತಣ್ಣಗಿತ್ತು. ಟೆಕ್ಲಾ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಈಸ್ಟರ್ ಕಳೆದ ವಾರ ನಾವೆಲ್ಲ ಗೋರಿಗಳಿಗೆ ಹೋಗಿ, ಬಣ್ಣದ ಮೊಟ್ಟೆಯಿಟ್ಟು ಬಂದೆವು. ಅಲ್ಲಿಂದ ಬಂದು ಟೆಕ್ಲಾ ಮ್ಯೂಸಿಯಮ್ಮಿನ ಬಾಗಿಲು ತೆಗೆದರೆ ಪರಾಸ್ಕಾ ಒಳಗೇ ಇದ್ದಳು, ಕಿಟಕಿಯ ಬಿಸಿಲಿನಲ್ಲಿ. ಮೈಮೇಲೆ ಹೊಸ ಅಂಗಿ. ಮೈಕೈ ತುಂಬಿಕೊಂಡು ಕೆಂಪಗಾಗಿದ್ದಳು. ಆದರೆ ಟೆಕ್ಲಾಳ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ.

"ಚಳಿ ಹೋಯ್ತೇನೇ?" ಎಂದಳು ಟೆಕ್ಲಾ.

"ಹೋಯ್ತು. ಒಳಗೆ ಬಿಟ್ರು." ಪರಾಸ್ಕಾ ತೋಳಿನ ಅಂಚು ತಿರುವುತ್ತಿದ್ದಳು. "ನಾನು ಹೇಳ್ದೆ ಕಣೇ. ಮೂರು ಸಲ ಹೇಳ್ದೆ. ಕೇಳಲ್ಲ."

"ಯಾರು?"

"ನಿಮ್ಮಮ್ಮ."

ಟೆಕ್ಲಾ ಮೇಜು ಹಿಡಿದುಕೊಂಡಳು.

"ಕಣ್ಣು ಪೂರ್ತಿ ಹೋಗಿದೆ ಅವಳಿಗೆ. ದಿನಾ ಲಾರಿ ಬಂದಿದ್ದ ಜಾಗಕ್ಕೆ ಬಂದು ಕೂರ್ತಾಳಂತೆ. ನಾನು ಅಂಗಿ ಹಾಕ್ಕೊಂಡು ಒಳಗೆ ಹೋದೆ, ಕೈ ಹಿಡಿದು ನಿಲ್ಲಿಸಿದ್ಲು. ತೋಳು ಮಗುಚಿ ಹಿಂಬದಿ ಸವರಿದ್ಲು. ಇನ್ನೂ ದಾರ ಬಿಗಿ ಎಳೆಯೋಕೆ ಕಲೀಲಿಲ್ವಲ್ಲೇ ನೀನು, ಅಂದ್ಲು. ನನ್ನ ಟೆಕ್ಲಾ ಬಂದ್ಲು ಅಂತ ಊರೆಲ್ಲ ಕೂಗಿ ಕರೆದ್ಲು. ನಾನು ಅವಳಲ್ಲ ಅತ್ತೆ, ಪರಾಸ್ಕಾ ಅಂದ್ರೆ, ಬಳಲಿದೀಯ ಮಲಕ್ಕೋ ಅಂತಾಳೆ. ನಿನ್ನ ಹಾಸಿಗೆ ಹಾಸಿದಾಳೆ. ಬೆನ್ನಿಗೆ ಕೈ ಹಾಕ್ಕೊಂಡು ಮಲಗ್ತಾಳೆ ಕಣೇ, ಬಿಡಲ್ಲ."

ಟೆಕ್ಲಾ ಕೇಳಿದಳು. "ನಿಮ್ಮಮ್ಮ?"

"ನಮ್ಮಮ್ಮ ಬೇಲಿಯಾಚೆ ನಿಂತು ನೋಡ್ತಾಳೆ. ನಿನ್ನ ಮಗಳು ಬಂದ್ಲಲ್ಲ, ನನ್ನೋಳು ಯಾವಾಗ ಬರ್ತಾಳೋ ಅಂತಾಳೆ." ಪರಾಸ್ಕಾ ತಲೆಯೆತ್ತಿದಳು. "ಏನು ಮಾಡಿಬಿಟ್ಟೆಯೇ ಟೆಕ್ಲಾ? ನನ್ನ ಅಂಗಿ ನನಗೆ ಕೊಡೋಕೆ ನಿನಗೇನಾಗಿತ್ತು?"

ಆಮೇಲೆ ಬಿಸಿಲು ಮಾತ್ರ ಉಳಿಯಿತು. ಟೆಕ್ಲಾ ನೆಲದ ಮೇಲೆ ಕೂತು, ಎದೆ ಬಡಿದುಕೊಂಡು ಅತ್ತಳು. ಕೆಳಗಿನವರು ಓಡಿ ಬಂದು ನೀರು ಕೊಟ್ಟರು.

ಮುಂದಿನ ಭಾನುವಾರ ಒರಿಸ್ಯಾ ಬಂದಾಗ ಗಾಜಿನ ಕಪಾಟು ಖಾಲಿಯಿತ್ತು. ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಅಂಗಿ, ಪಕ್ಕದಲ್ಲಿ ಅದೇ ಚಪ್ಪಲಿ, ಕಾಲುಚೀಲ, ನಡುಪಟ್ಟಿ, ಬತ್ತಿ. ಟೆಕ್ಲಾ ಎಲ್ಲವನ್ನೂ ಹೇಳಿದಳು, ಗುರುವಾರ ಜೆನೋನ್ ಗಂಟು ತಂದದ್ದರಿಂದ ಹಿಡಿದು, ಒಂದನ್ನೂ ಮುಚ್ಚಿಡದೆ.

"ಅಮ್ಮಾ, ಕನಸು ಅದು," ಎಂದಳು ಒರಿಸ್ಯಾ. "ಒಬ್ಬಳೇ ಆ ಗೊಂಬೆಗಳ ನಡುವೆ ಕೂತ್ರೆ ಯಾರಿಗಾದ್ರೂ ಹಿಂಗೇ ಆಗುತ್ತೆ."

"ಕನಸಾದ್ರೆ ನಿನಗೇನು ನಷ್ಟ? ನಾನು ಸತ್ತಾಗ ಇದನ್ನ ಉಡಿಸು, ಅಷ್ಟೇ."

"ಸರಿ, ನೀನು ಹೇಳೋದೇ ನಿಜ ಅಂತಿಟ್ಕೋ. ಆಗ ಇದನ್ನ ಈಗಲೇ ಪರಾಸ್ಕಾ ಅತ್ತೆಗೆ ಕಳಿಸಿಬಿಡಬಹುದಲ್ಲ? ಕ್ಲಬ್ಬಿನಲ್ಲಿ ಹೋಗೋರಿಗೇನು ಬರವೇ?" ಗಣಿತದ ಮೇಡಂ, ನಂಬದಿದ್ದರೂ ಲೆಕ್ಕ ಬಿಡಿಸದೆ ಇರಲಾರಳು. "ಅವಳು ಅವಳ ಅಮ್ಮನ ಹತ್ರ ಹೋಗ್ತಾಳೆ, ನೀನು ಬೇರೆ ಹೊಲ್ಕೊಂಡು ಅಜ್ಜಿ ಹತ್ರ ಹೋಗು."

"ಪರಾಸ್ಕಾ ಎದ್ದು ಹೋದ್ರೆ ನಮ್ಮಮ್ಮನ ಪಕ್ಕ ಹಾಸಿಗೆ ಖಾಲಿಯಾಗುತ್ತಲ್ಲೇ." ಟೆಕ್ಲಾ ಅಂಗಿಯ ಮಡಿಕೆ ಸರಿಮಾಡಿದಳು. "ನಾನು ಸಾಯೋದು ನಾಳೆಯೋ ಹತ್ತು ವರ್ಷಕ್ಕೋ, ಯಾರಿಗೆ ಗೊತ್ತು? ಒಂದು ಸಲ ಅವಳ ಮಡಿಲಿಂದ ಮಗಳನ್ನ ಕಿತ್ಕೊಂಡು ಹೋದ್ರು. ಎರಡನೇ ಸಲ ನಾನೇ ಕಿತ್ಕೊಳ್ಳಲಾ? ಬೇಡ. ಅವಳು ಅಲ್ಲೇ ಇರಲಿ. ನಾನು ಪರಾಸ್ಕಾ ಆಗಿ ಹೋಗ್ತೀನಿ. ಅವಳ ಅಮ್ಮನೂ ಕಾಯ್ತಿದಾಳೆ, ಅವಳಿಗೊಬ್ಬ ಮಗಳು ಬೇಡವೇ? ನಮ್ಮಮ್ಮನ ಮನೆ ಬೇಲಿಯಾಚೆನೇ. ದಿನಾ ನೋಡ್ತೀನಿ."

ಒರಿಸ್ಯಾ ಎದ್ದು ಚಹಾಕ್ಕೆ ನೀರಿಟ್ಟಳು.

ಅದಾದ ಮೇಲೆ ಟೆಕ್ಲಾ ನಾಲ್ಕು ವರ್ಷ ಬದುಕಿದಳು. ಮ್ಯೂಸಿಯಂ ನಡೆಸಿದಳು, ಮಕ್ಕಳಿಗೆ ಬೈದಳು. ಯಾರಾದರೂ ಹಳೆಯ ಗಂಟು ತಂದರೆ ಮೊದಲು ಅಲ್ಲೇ ಬಿಚ್ಚಿಸಿ ನೋಡಿ, ಬತ್ತಿಯೋ ಚಪ್ಪಲಿಯೋ ಕಂಡರೆ ಗದರಿಸಿ ವಾಪಸ್ಸು ಕಳಿಸುತ್ತಿದ್ದಳು. ಜೆನೋನನ ಮನೆಗೆ ಹೋಗಿ ಕ್ಷಮೆ ಕೇಳಿದಳು. ಪಾಪ, ಅವನಿಗೆ ಯಾಕೆಂದೇ ಪೂರ್ತಿ ಅರ್ಥವಾಗಲಿಲ್ಲ. ಕೊನೆಕೊನೆಗೆ ಅವಳಿಗೊಂದು ಅಭ್ಯಾಸ ಹತ್ತಿತು. ಟೆಕ್ಲಾ ಎಂದು ಕರೆದರೆ ಸುಮ್ಮನಿರುತ್ತಿದ್ದಳು. ಮುಪ್ಪಿಗೆ ಕಿವಿ ಹೋಗಿದೆ ಎಂದುಕೊಂಡೆವು. ಒಮ್ಮೆ ಯಾರೋ ಹಳೆಯ ಮಾತಿನ ನಡುವೆ ಪರಾಸ್ಕಾ ಎಂದಾಗ, ಕೋಣೆಯ ಆ ತುದಿಯಿಂದ "ಓ" ಎಂದಳು.

ಅವಳ ಪೆಟ್ಟಿಗೆ ಚರ್ಚಿನ ನಡುವೆ ತೆರೆದಿತ್ತು. ಕಪ್ಪು, ಕಡುಗೆಂಪು ತೋಳಿನ ಅಂಗಿ ಅವಳಿಗೆ ಸ್ವಲ್ಪ ಬಿಗಿಯಾಗಿತ್ತು. ಒರಿಸ್ಯಾ ಅಮ್ಮನಿಗೆ ತಾನೇ ಸ್ನಾನ ಮಾಡಿಸಿ, ತಾನೇ ಉಡಿಸಿದ್ದಳು, ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಪಾದ್ರಿ ಧೂಪ ಹಾಕಿ, ತೀರಿಕೊಂಡ ದೇವರ ದಾಸಿ ಟೆಕ್ಲಾ ಎಂದು ಹಾಡಿದರು. ನಾವೆಲ್ಲ ದನಿಗೂಡಿಸಿದೆವು. ಮುಚ್ಚಳ ತರುವ ಹೊತ್ತಿಗೆ ಒರಿಸ್ಯಾ ಮುಂದೆ ಬಂದಳು. ದೇವರು ದಿಂಡರು ಯಾವುದನ್ನೂ ನಂಬದ ಹೆಣ್ಣು ಅದು, ಎಲ್ಲರೆದುರು ಪೆಟ್ಟಿಗೆಯ ಮೇಲೆ ಬಗ್ಗಿತು.

"ಪಾದ್ರಿ ಹೇಳಿದ್ದಕ್ಕೆ ಓಗೊಡಬೇಡ ಅಮ್ಮಾ," ಎಂದಳು ಅಮ್ಮನ ಕಿವಿಯಲ್ಲಿ. "ಅಲ್ಲಿ ಕೇಳಿದ್ರೆ ಪರಾಸ್ಕಾ ಅನ್ನು. ಮರೀಬೇಡ. ಪರಾಸ್ಕಾ."